ಹೊಳ್ಳಿ ಬರುವ ಊರು

ಕೊಪ್ಪಳದ ಬಿಸಿಲಿನಲ್ಲಿ ಕುಳಿತು ಯುರೋಪಿನ ಹಿಮದ ಊರು ಆರಿಸಿಕೊಡುವುದು ಗೀತಾಳ ಕೆಲಸ. ನಗುವವರು ನಗಲಿ. ಭಾಗ್ಯನಗರದಲ್ಲಿ ಕೂದಲು ಹದ ಮಾಡುವ ಕಾರ್ಖಾನೆಯೊಂದರ ಮಹಡಿಯ ಮೇಲೆ ವಾಹೀದ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು, ವಿಲಾಯತಿ ಪ್ರವಾಸ ಕಂಪನಿಯೊಂದರ ಕೆಲಸ ಹಿಡಿದಿದ್ದ. ಕೆಳಗೆ ಹೆಂಗಸರು ಯಾರ್ಯಾರದೋ ತಲೆಯ ಕೂದಲನ್ನು ಬಾಚಿ ಉದ್ದ ಗಿಡ್ಡ ಬೇರೆ ಮಾಡುತ್ತಿದ್ದರೆ, ಮೇಲೆ ಗೀತಾ ತಾನು ಕಾಣದ ಊರಿಗೆ ತಾನು ಕಾಣದ ಜನರನ್ನು ಕಳಿಸುತ್ತಿದ್ದಳು. ಹಿಮ ಎಂಬುದನ್ನು ಅವಳು ಫ್ರಿಜ್ಜಿನಲ್ಲಿ ಬಿಟ್ಟರೆ ಬೇರೆಲ್ಲೂ ಮುಟ್ಟಿದವಳಲ್ಲ.

ಅಂದು ಬೆಳಿಗ್ಗೆ ಬಂದ ಸಂದೇಶ ಹೀಗಿತ್ತು: ನಾವು ಎಂಟು ಮಂದಿ ಗೆಳೆಯರು. ಎಲ್ಲರೂ ಸ್ಕೀಯಿಂಗಿನಲ್ಲಿ ನುರಿತವರು. ಜನವರಿಯಲ್ಲಿ ಹೋಗಬೇಕು. ಸುಲಭದ ಇಳಿಜಾರು ಬೇಡ, ಯಾರೂ ತುಳಿಯದ ಹಿಮ ಇರುವ ಕಡೆ ಕಳಿಸಿ.

"ಗೀತಕ್ಕ, ಸಂಜಿಯೊಳಗ ಇವರಿಗೊಂದು ಊರು ಹೇಳಿಬಿಡ್ರಿ" ಎಂದ ವಾಹೀದ. "ನುರಿತ ಗಿರಾಕಿ ಅಂದ್ರ ನಿಮ್ಮಷ್ಟು ಛಲೋ ಯಾರೂ ಆರಸಂಗಿಲ್ಲ."

ಮಾತು ಸುಳ್ಳಲ್ಲ. ಆದರೆ ಆ ಜಾಣತನ ಅವಳದಾಗಿರಲಿಲ್ಲ, ಅವಳ ಅಣ್ಣ ಸಿದ್ದಾರ್ಥನದು. ಯಲಬುರ್ಗಾದ ಕರಿಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡಿದ ಹುಡುಗ ಫೌಜಿಗೆ ಸೇರಿ, ಬೆಟ್ಟದ ಗಡಿಯಲ್ಲಿ ಕಾಲಿಗೆ ಉದ್ದನೆಯ ಸ್ಕೀ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವುದನ್ನು ಕಲಿತು, ಕೊನೆಗೆ ಬೇರೆಯವರಿಗೂ ಕಲಿಸುತ್ತಿದ್ದ. ಕಷ್ಟದ ಗಿರಾಕಿ ಬಂದಾಗೆಲ್ಲ ಗೀತಾ ಅವನ ಫೋನಿಗೆ ತನ್ನ ದನಿಯಲ್ಲಿ ಪ್ರಶ್ನೆ ಕಳಿಸುವಳು. ಸಿಗ್ನಲ್ ಸಿಕ್ಕಾಗ ಅವನ ದನಿಯಲ್ಲಿ ಉತ್ತರ ಬರುವುದು. "ಗೀತಿ, ಹೊಸಬ ಬೀಳ್ತಾನ, ಎದ್ದು ನಗ್ತಾನ. ಅವಗೇನೂ ಆಗಂಗಿಲ್ಲ. ನಾ ಬೀಳಂಗಿಲ್ಲ ಅಂತ ತಿಳ್ಕೊಂಡಾಂವನ್ನ ಕಾಯಬೇಕು ನೋಡು. ಹೊಸಾ ಹಿಮ ಹಳೇದರ ಮ್ಯಾಲ ಸುಮ್ನ ಕುಂತಿರತೈತಿ, ಅಂಟಿಕೊಂಡಿರಂಗಿಲ್ಲ."

ಹೋದ ವರ್ಷದ ಫೆಬ್ರುವರಿಯಲ್ಲಿ ಅಂಥದೇ ಹಿಮ ಜಾರಿ ಅವನನ್ನು ಮುಚ್ಚಿತು. ಸುದ್ದಿ ಬಂದಾಗ ಗೀತಾ ಇದೇ ಕುರ್ಚಿಯಲ್ಲಿದ್ದಳು. ಫೋನು ಕೆಳಗಿಟ್ಟು, ಅರ್ಧ ಬರೆದ ಉತ್ತರ ಮುಗಿಸಿ, ಕೊನೆಗೆ ವಂದನೆಗಳು ಎಂದೂ ಸೇರಿಸಿ, ಆಮೇಲೆ ಎದ್ದಳು. ಅಂದು ಅಳಲಿಲ್ಲ. ಅವನಿದ್ದ ಪೆಟ್ಟಿಗೆ ಮನೆಗೆ ಬಂದ ದಿನವೂ ಅಳಲಿಲ್ಲ. ಊರ ಜನ ಕಲ್ಲೆದೆಯವಳು ಎಂದರು. ಊರ ಬಾಯಿಗೆ ಬೀಗ ಹಾಕುವವರು ಯಾರು? ಅವ್ವ ಹುಲಿಗವ್ವ ಮಾತ್ರ ಬೆನ್ನು ಸವರಿ, "ಅತ್ತು ಬಿಡ ಮಗಳ" ಎಂದು ಎಷ್ಟೋ ಸಲ ಹೇಳಿದಳು. ಗೀತಾ ಉಂಡಳು, ಮಲಗಿದಳು, ಬಸ್ಸು ಹತ್ತಿ ಕೆಲಸಕ್ಕೆ ಬಂದಳು. ಮೈಯೆಲ್ಲ ಜೋಮು ಹಿಡಿದಂತಿತ್ತು, ಅಷ್ಟೇ. ಅಣ್ಣನ ಮೇಲೆ ತನಗೆ ಮಾಯೆ-ಮಮತೆಯೇ ಇರಲಿಲ್ಲವೇನೋ ಎಂಬ ಭಯ ಒಂದೇ ಅವಳೊಳಗೆ ಆಗಾಗ ಮಿಸುಕಾಡುತ್ತಿತ್ತು.

ಇವತ್ತು ಮಾನೌಮಿ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ. ಸತ್ತವರಿಗೆ ವರ್ಷ ತುಂಬಿದ ಮೇಲೆ ಅವರನ್ನು ಹಿರಿಯರ ಸಾಲಿಗೆ ಸೇರಿಸಿ, ಹೊಸ ಬಟ್ಟೆ ಇಟ್ಟು, ಮೆಚ್ಚಿನ ಅಡುಗೆ ಬಡಿಸುವುದು ಮನೆಯ ಪದ್ಧತಿ. ಅಜ್ಜ, ಅಜ್ಜಿ, ಮುತ್ತಜ್ಜಂದಿರ ಪಕ್ಕದಲ್ಲಿ ಈ ಸಲ ಮದುವೆಯೂ ಆಗದ ಸಿದ್ದಾರ್ಥ ಹಿರಿಯನಾಗಿ ಕೂಡಬೇಕು. ಅವನ ಮುಂದೆ ಹೆತ್ತ ಅಪ್ಪ ಗಾಳೆಪ್ಪ ಅಡ್ಡ ಬೀಳಬೇಕು. ಇದ್ಯಾವ ನ್ಯಾಯವೋ, ಪದ್ಧತಿ ಮಾಡಿದವರೇ ಹೇಳಬೇಕು. ಆ ಎಡೆಯ ಮುಂದೆಯೂ ತಾನು ಹೀಗೆಯೇ ಒಣಗಿ ಕುಳಿತರೆ ಅವ್ವನ ಮುಖ ಹೇಗೆ ನೋಡುವುದು ಎಂಬುದೇ ಬೆಳಗಿನಿಂದ ಗೀತಾಳ ಚಿಂತೆ.

ಅವ್ವನ ಫೋನು ಬಂತು. "ಬರೋ ಮುಂದ ಕೊಪ್ಪಳ ಬಜಾರದಾಗ ಒಂದು ಸ್ವೆಟರ್ ತಗೊಂಡು ಬಾ."

"ಈ ಸೆಕಿಯಾಗ ಸ್ವೆಟರ್ ಯಾಕಬೇ? ಎಡಿಗಿ ಅಂಗಿ ಧೋತರ ತಂದಿಯಲ್ಲ?"

"ಅಂಗಿ ಏನ್ ಸಾಕಾಗತೈತಿ? ನನ್ನ ಕೂಸು ಥಂಡ್ಯಾಗ ಹೋಗೈತಿ."

"ಹೂಂ, ತರ್ತೀನಿ" ಎಂದಳು ಗೀತಾ, ಕೊತ್ತಂಬರಿ ತಾ ಎಂದಾಗ ಹೇಳುವ ದನಿಯಲ್ಲೇ.

ಮತ್ತೆ ಆ ಎಂಟು ಮಂದಿಯ ಕಡೆ ತಿರುಗಿದಳು. ಆಸ್ಟ್ರಿಯಾದ ಸೇಂಟ್ ಆಂಟನ್ ಕಡಿದಾದದ್ದು, ನುರಿತವರು ಹುಡುಕಿಕೊಂಡು ಹೋಗುವ ಊರು. ಫ್ರಾನ್ಸಿನ ಶಾಮೊನಿಯಲ್ಲಿ ಯಾರೂ ತುಳಿಯದ ಹಿಮ ಬೇಕಾದಷ್ಟು. ಯಾವುದು? ತಲೆ ಓಡಲಿಲ್ಲ. ಕೈ ತನ್ನಷ್ಟಕ್ಕೆ ಫೋನು ಎತ್ತಿಕೊಂಡಿತು. "ಅಣ್ಣ, ಎಂಟು ಮಂದಿ ಅದಾರ. ಭಾಳ ಛಲೋ ಜಾರ್ತಾರಂತ. ಯಾರೂ ತುಳೀಲಾರದ ಹಿಮ ಬೇಕಂತಾರ. ಎಲ್ಲಿಗಿ ಕಳಸ್ಲಿ?" ಎಂದು ಹೇಳಿ ಕಳಿಸಿ, ಫೋನು ಬದಿಗಿಟ್ಟು ಬುತ್ತಿ ಬಿಚ್ಚಿದಳು.

ರೊಟ್ಟಿ ಮುರಿದು ಬಾಯಿಗಿಟ್ಟಾಗಲೇ ತಾನು ಮಾಡಿದ್ದೇನೆಂದು ಹೊಳೆದದ್ದು. ಅಳಿಸಬೇಕೆಂದು ನೋಡಿದರೆ ಸಂದೇಶದ ಕೆಳಗಿನ ಗುರುತು ಆಗಲೇ ನೀಲಿಯಾಗಿತ್ತು. ಯಾರೋ ಕೇಳಿದ್ದರು.

ಯಾರೋ ಏನು, ಅಪ್ಪ. ಸಾಮಾನಿನ ಜೊತೆ ಬಂದ ಮಗನ ಫೋನನ್ನು ಗಾಳೆಪ್ಪ ದಿನಾ ಚಾರ್ಜ್ ಮಾಡುತ್ತಿದ್ದ, ತಪ್ಪದೆ ಕರೆನ್ಸಿ ಹಾಕಿಸುತ್ತಿದ್ದ. ಮಗನ ನಂಬರು ಬೇರೆಯವರ ಪಾಲಾಗಬಾರದು ಎಂಬುದು ಅವನ ಹಟ. ಹೊತ್ತು ಹೋಗದಿದ್ದಾಗ ಹಳೆಯ ದನಿಗಳನ್ನು ಒತ್ತಿ ಒತ್ತಿ ಕೇಳುತ್ತಿದ್ದ. ತಾನಾಗಿ ಮಾತಾಡಿ ಕಳಿಸಿದ್ದು ಮಾತ್ರ ಇಲ್ಲ. ಇವತ್ತು ಅದೂ ಬಂತು, 'ಅಣ್ಣ' ಎಂಬ ಹೆಸರಿನ ಕೆಳಗೆ.

"ಗೀತವ್ವಾ, ನಾ ನಿಮ್ಮಪ್ಪ. ಫೋನ್ ಎಡಿ ಮುಂದ ಇಡಬೇಕಂತ ಒರಸಾಕತ್ತಿದ್ದೆ, ನಿನ್ನ ದನಿ ಬಂತು." ನಡುವೆ ಕೆಮ್ಮು. ಹಿಂದೆಲ್ಲೋ ಅವ್ವ ಹೂರಣ ರುಬ್ಬುವ ಸದ್ದು. "ನಮಗ ಆ ಊರೆಲ್ಲಾ ಎಲ್ಲಿ ಗೊತ್ತವ್ವ? ಹೋದವ್ರು ಹೊಳ್ಳಿ ಬರೋ ಊರಿಗಿ ಕಳಸು. ಅಷ್ಟ ನೋಡು."

ಗೀತಾ ಇನ್ನೊಮ್ಮೆ ಕೇಳಿದಳು. ಕಣ್ಣು ಆಗಲೂ ಒಣಗಿಯೇ ಇತ್ತು. ಬುತ್ತಿ ಕಟ್ಟಿಟ್ಟು ಬರೆಯತೊಡಗಿದಳು. ಫ್ರಾನ್ಸಿನ 'ಮೂರು ಕಣಿವೆ'ಗಳ ಸೀಮೆಯನ್ನು ಆರಿಸಿದಳು. ದಾರಿ ಗುರುತು ಹಾಕಿ ಕಾವಲಿಡುವ ಕಷ್ಟದ ಇಳಿಜಾರುಗಳೇ ಅಲ್ಲಿ ವಾರವಿಡೀ ಜಾರಿದರೂ ಮುಗಿಯವು. ಕೊನೆಗೆ ಹೀಗೆ ಸೇರಿಸಿದಳು: ತುಳಿಯದ ಹಿಮದ ಮೇಲೆ ಅಲ್ಲಿನ ಮಾರ್ಗದರ್ಶಿಯಿಲ್ಲದೆ ಕಾಲಿಡಬೇಡಿ. ಅವನು ಬೇಡವೆಂದ ದಿನ ಕೋಣೆಯಲ್ಲಿ ಕುಳಿತು ಚಹಾ ಕುಡಿಯಿರಿ.

ವಾಹೀದ ಓದಿ ಹುಬ್ಬು ಗಂಟಿಕ್ಕಿದ. "ಹಿಂಗ ಹೆದರಿಸಿದ್ರ ಬ್ಯಾರೆ ಕಂಪನಿಗಿ ಹೋಗ್ತಾರ್ರಿ ಅಕ್ಕಾ. ನುರಿತವ್ರು ಅಂತ ಬರದಾರ."

"ನುರಿತವ್ರು ಅಂತ ಬರದಾರಂತನ ಹಂಗ ಬರದೀನ್ರಿ."

ವಾಹೀದ ಅವಳ ಮುಖ ನೋಡಿದ. ಒಂದಕ್ಷರ ತಿದ್ದದೆ ಕಳಿಸಿಬಿಟ್ಟ.

ಬಜಾರದಲ್ಲಿ ಸ್ವೆಟರ್ ಎಂದರೆ ಅಂಗಡಿಯವರು ನಕ್ಕರು. ಕೊನೆಗೆ ಮುದುಕ ಹಾಜಿಸಾಬನ ಬಟ್ಟೆ ಅಂಗಡಿಯಲ್ಲಿ ಹೋದ ಚಳಿಗಾಲದ ಗಂಟೊಂದು ಮೇಲಿನ ಹಲಗೆಯ ಮೇಲಿತ್ತು. ಅವನು ಸ್ಟೂಲು ಹತ್ತುತ್ತ ಕೇಳಿದ, "ಯಾರಿಗೆ ಬೇಟಿ?"

"ನಮ್ಮಣ್ಣಗ್ರಿ."

"ಸೈಜ್ ಎಷ್ಟು?"

ಅವಳಿಗೆ ಗೊತ್ತಿರಲಿಲ್ಲ. ಫೌಜಿನವರೇ ಬಟ್ಟೆ ಕೊಡುತ್ತಿದ್ದರು.

"ಹೋಗ್ಲಿ, ಆಳು ಎಷ್ಟು ಎತ್ತರ ಅದಾನ? ಕೈ ಮಾಡಿ ತೋರ್ಸು."

ಗೀತಾ ಕೈ ಎತ್ತಿದಳು. ಕೈಗೆ ಲೆಕ್ಕ ಗೊತ್ತಿತ್ತು. ರಜೆಗೆ ಬಂದಾಗಲೆಲ್ಲ ಅವನು ಹಿಂದಿನಿಂದ ಬಂದು ಅವಳ ನೆತ್ತಿಯ ಮೇಲೆ ಗದ್ದ ಊರಿ, "ಗೀತಿ, ನೀ ಯಾವಾಗ ಬೆಳಿತಿ?" ಎಂದು ಕಾಡುತ್ತಿದ್ದ. ಕೈ ನೆತ್ತಿ ದಾಟಿ, ಗದ್ದ ದಾಟಿ, ಅವನ ತಲೆ ಇರುತ್ತಿದ್ದಲ್ಲಿ ಸರಿಯಾಗಿ ನಿಂತಿತು. ಅವಳು ಆ ಕೈಯನ್ನು ನೋಡಿದಳು. ಅದರ ಕೆಳಗೆ ಯಾರೂ ಇರಲಿಲ್ಲ.

"ಭಾಳ ಎತ್ತರದ ಆಳು" ಎಂದು ಹಾಜಿಸಾಬ ಮತ್ತೆ ಗಂಟಿನತ್ತ ತಿರುಗಿದ. "ಎಲ್ಲಕ್ಕಿಂತ ದೊಡ್ಡದು ಕೊಡ್ತೀನಿ ತಡಿ."

ದೊಡ್ಡದನ್ನು ಹುಡುಕಿ, ಧೂಳು ಕೊಡವಿ ಅವನು ಇಳಿದು ನೋಡಿದಾಗ, ಗೀತಾ ಎತ್ತಿದ ಕೈ ಇಳಿಸದೆ ಅಂಗಡಿಯ ನಡುವೆ ನಿಂತು ಗಟ್ಟಿಯಾಗಿ ಅಳುತ್ತಿದ್ದಳು.