ಹೆಸರಿಲ್ಲದ ಸಿಗ್ನಲ್

‘ಹೆಸರೇನು ಹಾಕ್ಲಿ ಸರ್?’ ಎಂದು ಇಂಟರ್‌ನೆಟ್ ಜೋಡಿಸಲು ಬಂದಿದ್ದ ಶಾಕಿರ್ ಎರಡನೆಯ ಸಲ ಕೇಳಿದ.

ಶೇಖರನಿಗೆ ಮೊದಲ ಸಲವೇ ಕೇಳಿಸಿತ್ತು. ಗೋಡೆಗೆ ತೂತು ಕೊರೆದು, ವೈರು ಎಳೆದು, ಕರಿ ಡಬ್ಬಿಯನ್ನು ಟೀವಿಯ ಪಕ್ಕ ಇಟ್ಟ ಮೇಲೆ ಇಂಥದೊಂದು ಪ್ರಶ್ನೆ ಬರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

‘ಯಾತರ ಹೆಸರು?’

‘ನಿಮ್ಮ ವೈಫೈದು ಸರ್. ಅರ್ಜಿಯೊಳಗ ಇದ್ದದ್ದೇ ಹಾಕಿಬಿಡ್ತೀನಿ. ಶೇಖರ ತಾಯಣ್ಣ ಕಲ್ಲೂರು. ಅಕ್ಕಪಕ್ಕದ ಮನಿ ಫೋನಿನಾಗೆಲ್ಲ ಕಾಣತದ.’

ಕಾಣುವುದೊಂದು ಹೆಚ್ಚಿನ ಸವಲತ್ತು ಎಂಬಂತೆ ಹೇಳಿದ.

‘ಬ್ಯಾಡ. ತಡೀರಿ.’

ಶಾಕಿರ್ ತನ್ನ ಫೋನು ಮುಂದೆ ಹಿಡಿದ. ಓಣಿಯ ಮನೆಗಳೆಲ್ಲ ಅದರಲ್ಲಿ ಸಾಲಾಗಿ ನಿಂತಿದ್ದವು. ಒಬ್ಬರು ಮನೆದೇವರನ್ನು ಹಾಕಿಕೊಂಡಿದ್ದರು, ಒಬ್ಬರು ಮನೆತನವನ್ನು. ಎದುರು ಮನೆಯವರು ಜಾತಿಯನ್ನೇ ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದರು. ಬಾಗಿಲ ಮೇಲಿನ ಬೋರ್ಡು ಸಾಲದೆ ಗಾಳಿಗೂ ಬೋರ್ಡು ಹಚ್ಚಿದ್ದಾರೆ ಎನ್ನಿಸಿ ಶೇಖರನಿಗೆ ನಗು ಬಂತು. ಜೊತೆಗೇ ಭಯವೂ ಆಯಿತು.

ರಾಯಚೂರಿನಲ್ಲಿ ಇದು ಅವರ ನಾಲ್ಕನೆಯ ಬಾಡಿಗೆ ಮನೆ. ಮೂರನೆಯದರ ಮಾಲೀಕರು ಮಗನ ಮದುವೆಯೆಂದು ಖಾಲಿ ಮಾಡಿಸಿದ್ದರು. ಎರಡು ವರ್ಷವಾಯಿತು, ಆ ಮಗನಿಗೆ ಇನ್ನೂ ಹೆಣ್ಣು ನೋಡಿಲ್ಲ. ಇಲ್ಲಿಗೆ ಬಂದ ದಿನ ಮಾಲೀಕಳಾದ ಕೆಳಗಿನ ಮನೆಯ ಬೂದೆಮ್ಮ ‘ಯಾವ ಊರು ನಿಮ್ಮದು?’ ಎಂದಷ್ಟೇ ಕೇಳಿದ್ದಳು. ಅವಳ ತವರು ಮಾನ್ವಿ ಕಡೆ, ಕಲ್ಲೂರಿನ ಮಗ್ಗುಲಿಗೇ ಎಂಬುದು ಅಷ್ಟರಲ್ಲಿ ಮಾತಿನಲ್ಲಿ ಬಂದಿತ್ತು. ಕಲ್ಲೂರಿನ ದಲಿತ ಕೇರಿಯ ತಾಯಣ್ಣನ ಹಲಗೆ ಬಡಿತ ಕೇಳದ ಮದುವೆಯಾಗಲಿ ಸಾವಾಗಲಿ ಆ ಸುತ್ತಿನಲ್ಲಿ ಇರಲಿಲ್ಲ. ಪಿಯು ಕಾಲೇಜಿನಲ್ಲಿ ಇತಿಹಾಸ ಕಲಿಸುವ, ತಾಯಣ್ಣನ ಮಗ ಶೇಖರ ‘ದೇವದುರ್ಗ’ ಎಂದುಬಿಟ್ಟ. ದೇವದುರ್ಗವನ್ನು ಅವನು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದ್ದ.

ಆಮೇಲೆ ಬೂದೆಮ್ಮ ಏನೂ ಕೇಳಲಿಲ್ಲ. ಸಜ್ಜೆರೊಟ್ಟಿ, ಪುಂಡಿಪಲ್ಯ ಕಳಿಸಿದಳು. ತಮ್ಮಾ ಎಂದು ಕರೆದಳು. ಅವಳು ಹಾಗೆ ಕರೆದಾಗಲೆಲ್ಲ ಅವನಿಗೆ ಸುಖವೆನಿಸುತ್ತಿತ್ತು. ಬೇರೆ ಯಾರದೋ ಪಾಲು ಉಣ್ಣುತ್ತಿರುವ ಸಂಕಟವೂ ಆಗುತ್ತಿತ್ತು.

‘ಬ್ಯಾರೇದು ಹೇಳ್ರಿ ಸರ್, ಏನಾರ,’ ಎಂದ ಶಾಕಿರ್.

ಬರೀ ಶೇಖರ ಎಂದರೆ, ಯಾವ ಶೇಖರ? ದೇವದುರ್ಗ ಎಂದರೆ, ಅಲ್ಲಿ ಯಾರ ಪೈಕಿ? ಏನಿಟ್ಟರೂ ಹಿಂದೆಯೇ ಇನ್ನೊಂದು ಪ್ರಶ್ನೆ ಬಾಲ ಹಿಡಿದು ಬರುತ್ತಿತ್ತು.

‘ನನ್ನ ಹೆಸರು ಹಾಕ್ರಿ,’ ಎಂದಳು ಅಡುಗೆಮನೆಯಿಂದ ಅವನ ಹೆಂಡತಿ ವಿಶಾಖಾ. ‘ಐದಕ್ಕ ನನ್ನ ಆನ್‌ಲೈನ್ ಕ್ಲಾಸದ.’

‘ಆ ಬೌದ್ಧರ ಹೆಸರು ಈ ಓಣ್ಯಾಗ ಯಾರಿಗೂ ಇಲ್ಲ.’

‘ಅದಕ್ಕ ಹಾಕ್ರಿ.’

ಹೇಳುವುದು ಸುಲಭ ಎಂದು ಅವನಿಗೆ ಸಿಟ್ಟು ಬಂತು. ಅವಳು ಹೇಳಿದ್ದು ಸರಿಯೆಂದೂ ಅನ್ನಿಸಿತು. ಎರಡೂ ಒಟ್ಟಿಗೆ ಬಂದಾಗ ಅವನು ಸಾಮಾನ್ಯವಾಗಿ ಚಹಾ ಕೇಳುತ್ತಿದ್ದ. ಈಗ ಶಾಕಿರನ ಕಡೆ ತಿರುಗಿದ.

‘ಹೆಸರು ಯಾರಿಗೂ ಕಾಣದಂಗ ಮಾಡಾಕ ಬರತದೇನ್ರಿ?’

‘ಬರತದ. ಆದ್ರ ನಿಮ್ಮ ಫೋನಿಗೂ ಹೆಸರು ಕಾಣಂಗಿಲ್ಲ. ನೀವೇ ನೆನಪಿಟ್ಟು ಬರೀಬೇಕು.’

‘ಬರೀತೀವಿ.’

‘ಹೆಸರು ದೊಡ್ಡದು ಹಾಕು ಅನ್ನೋರನ್ನ ನೋಡೀನಿ. ಇಂಥಾ ಗಿರಾಕಿ ನೀವೇ ಮೊದಲು ನೋಡ್ರಿ,’ ಎಂದು ಶಾಕಿರ್ ಒತ್ತಬೇಕಾದ್ದನ್ನು ಒತ್ತಿದ. ‘ಒಳಗ ಯಾವ ಹೆಸರಿರಲಿ?’

‘ಅರ್ಜಿಯೊಳಗಿಂದೇ ಇರಲಿ.’

ಯಾರಿಗೂ ಕಾಣದಿದ್ದರೆ ಅಪ್ಪನ ಹೆಸರು ಇಟ್ಟುಕೊಳ್ಳಲು ಅವನಿಗೆ ಅಡ್ಡಿಯಿರಲಿಲ್ಲ. ಹೀಗೆ ಯೋಚಿಸಿದ್ದಕ್ಕೆ ನಾಚಿಕೆಯಾಯಿತು. ಶಾಕಿರ್ ಚೀಲ ಹೆಗಲಿಗೇರಿಸಿ ಹೋದ.

ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಕೆಳಗಿನಿಂದ ಬೂದೆಮ್ಮ ಕರೆದಳು. ‘ತಮ್ಮಾ, ಒಂದೀಟು ಬರ್ರಿ.’

ಮೆಟ್ಟಿಲ ಬುಡದಲ್ಲಿ ಅವಳು ಮಗಳು ದೇವಿಕಾಳ ಕಾಲೇಜಿನ ಲ್ಯಾಪ್‌ಟಾಪು ಹಿಡಿದು ನಿಂತಿದ್ದಳು. ಪರದೆಯ ಮೇಲೆ ಓಣಿಯ ಅದೇ ಪಟ್ಟಿ. ಕೊನೆಯ ಸಾಲಿನಲ್ಲಿ, ಇದು ಹೆಸರು ಮರೆಮಾಡಿದ ನೆಟ್‌ವರ್ಕು ಎಂದು ಇಂಗ್ಲಿಷಿನಲ್ಲಿತ್ತು. ಪಕ್ಕದಲ್ಲಿ ಸಿಗ್ನಲ್ಲಿನ ನಾಲ್ಕೂ ಗೆರೆ ತುಂಬಿದ್ದವು. ಮರೆಮಾಡಿದ್ದೂ ಹೀಗೆ ಕಾಣುತ್ತದೆಂದು ಶಾಕಿರ್ ಹೇಳಿರಲಿಲ್ಲ.

‘ಎಲ್ಲಾದಕ್ಕೂ ಹೆಸರದ, ಇದಕ್ಕಿಲ್ಲ. ಮುಂಜಾನಿ ಇದು ಇರಲಿಲ್ಲಂತ. ನಿಮ್ಮದೇನು?’

‘ಅಲ್ಲಕ್ಕಾ. ನಮ್ಮದಿನ್ನಾ ಚಾಲೂ ಆಗಿಲ್ಲ.’

ಅಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ಅವನೇ ಬೆರಗಾದ. ನಮ್ಮದೇ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದ್ದರೆ?

‘ಹೆಸರು ಮುಚ್ಚಿಟ್ಟಾರಂದ್ರ ಏನೋ ಮೋಸ ಇರಬೇಕು,’ ಎಂದಳು ಬೂದೆಮ್ಮ. ‘ಹತ್ರ ಹೋದಂಗ ಗೆರಿ ಹೆಚ್ಚಾಗತಾವಂತ. ನೀವು ಓದಿದವ್ರು. ನಡೀರಿ, ಯಾರ ಮನೀದು ನೋಡೂಣು.’

ತೆರೆದ ಲ್ಯಾಪ್‌ಟಾಪನ್ನು ಎರಡೂ ಅಂಗೈ ಮೇಲೆ ಹೊತ್ತು ಅವನು ಮುಂದೆ, ಬಿಸಿಲಿಗೆ ಸೆರಗು ಹೊದ್ದು ಅವಳು ಹಿಂದೆ. ಅವನು ಬೇಕೆಂದೇ ಓಣಿಯ ತುದಿಯ ಕಡೆ ನಡೆದ. ಒಂದು ಗೆರೆ ಹೋಯಿತು. ಕಿರಾಣಿ ಅಂಗಡಿ ದಾಟಿದಾಗ ಇನ್ನೆರಡು. ನೀರಿನ ಟ್ಯಾಂಕಿಯ ಹತ್ತಿರ ಆ ಸಾಲೇ ಪಟ್ಟಿಯಿಂದ ಅಳಿಸಿಹೋಯಿತು. ಅವನಿಗೆ ಮೈ ಹಗುರವಾಯಿತು. ಹೀಗೇ ನಡೆಯುತ್ತ ಎಲ್ಲಿಗಾದರೂ ಹೋಗಿಬಿಡಬಹುದಿತ್ತು.

‘ಈ ಕಡೆ ಅಲ್ಲ. ತಿರುಗ್ರಿ.’

ತಿರುಗಿದ. ಬೂದೆಮ್ಮ ಅವನ ತೋಳಿನ ಮೇಲಿಂದ ಬಗ್ಗಿ ನೋಡುತ್ತ ಎಣಿಸತೊಡಗಿದಳು. ‘ಒಂದು ಬಂತು.’ ಅಂಗಡಿ ದಾಟಿದರು. ‘ಎರಡು. ಮೂರು.’ ಅವರದೇ ಗೇಟಿನೊಳಗೆ ಬಂದಾಗ ನಾಲ್ಕೂ ತುಂಬಿದ್ದವು, ಅವಳು ಎಣಿಸುವುದನ್ನು ನಿಲ್ಲಿಸಿದ್ದಳು. ಮೇಲಿನ ಮನೆಯಿಂದ ವಿಶಾಖಾಳ ಆನ್‌ಲೈನ್ ಕ್ಲಾಸಿನ ಮೇಷ್ಟ್ರ ದನಿ, ಎಲ್ಲೂ ತಡೆಯದೆ, ಸ್ಪಷ್ಟವಾಗಿ ಕೇಳುತ್ತಿತ್ತು.

ಬೂದೆಮ್ಮ ಮೇಲೆ ನೋಡಿದಳು. ಪರದೆ ನೋಡಿದಳು. ಅವನ ಮುಖ ನೋಡಲಿಲ್ಲ. ಈಗ ಗೊತ್ತಾಯಿತೋ, ಮೊದಲೇ ಗೊತ್ತಿತ್ತೋ, ಗೊತ್ತಾಗುವಂಥದ್ದು ಏನೂ ಇರಲೇ ಇಲ್ಲವೋ, ಅವನಿಗೆ ತಿಳಿಯಲಿಲ್ಲ.

‘ಇನ್ನಾ ಮ್ಯಾಲ ಅದ ಅನ್ನಸ್ತದ,’ ಎಂದಳು. ‘ನೀವ ಮುಂದ ನಡೀರಿ, ತಮ್ಮಾ.’

ಅವನು ಮೆಟ್ಟಿಲು ಹತ್ತಿದ. ಬಾಗಿಲು ಒಳಗಿನಿಂದ ಹಾಕಿತ್ತು. ಎರಡೂ ಕೈ ತುಂಬಿದ್ದರಿಂದ ಮೊಣಕೈಯಿಂದ ಬಡಿದ.

ಮೇಷ್ಟ್ರ ದನಿ ನಿಂತಿತು. ‘ಯಾರು?’ ಎಂದಳು ವಿಶಾಖಾ ಒಳಗಿನಿಂದ.

ಅವನು ಬಾಯಿ ತೆರೆದ. ಹಿಂದಿನ ಮೆಟ್ಟಿಲಲ್ಲಿ ಬೂದೆಮ್ಮ ಸೆರಗು ಸರಿಪಡಿಸಿಕೊಂಡು, ಉತ್ತರಕ್ಕಾಗಿ ಕಾಯುತ್ತಿದ್ದಳು.