ಎಡಗಡೆ ಸೀಟಿನ ನೆಲ

ಗಾಡಿಯ ಕಾಯಿಲೆಯನ್ನು ಅಂಗಾಲಿನಿಂದ ಕಂಡುಹಿಡಿಯುವವನು ಎಂದು ಅವನಿಗೆ ಹೆಸರು. ಎಲ್ಲರೂ ಬರಿಗಾಲು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಯಾವ ಗಾಡಿ ಬಂದರೂ ಮೊದಲು ಚಪ್ಪಲಿ ಬಿಟ್ಟು, ಸ್ಟಿಯರಿಂಗ್ ಹಿಂದೆ ಕೂತು, ಪೆಡಲುಗಳ ಮೇಲೆ ಬರಿಗಾಲಿಟ್ಟು ಎರಡು ಸುತ್ತು ಓಡಿಸಿ ಬರುತ್ತಿದ್ದ. ಕ್ಲಚ್ ಸವೆದಿದೆಯೋ, ಎಂಜಿನ್ನಿನ ರಬ್ಬರು ಹೋಗಿದೆಯೋ, ಬ್ರೇಕು ಒಂದು ಕಡೆ ಎಳೆಯುತ್ತಿದೆಯೋ, ಎಲ್ಲವೂ ಕಾಲಿಗೇ ತಿಳಿಯಬೇಕು. "ಕಿವಿ ಮೋಸ ಹೋಗುತ್ತೆ, ಕಾಲು ಹೋಗಲ್ಲ" ಎಂದು ಎದೆಯುಬ್ಬಿಸಿ ಹೇಳುವುದನ್ನು ಅವನು ಇಪ್ಪತ್ತು ವರ್ಷದಿಂದ ಬಿಟ್ಟಿರಲಿಲ್ಲ. ಗಿರಾಕಿಗಳು ತಲೆದೂಗುತ್ತಿದ್ದರು. ತಲೆದೂಗುವುದಕ್ಕೆ ಯಾರ ಗಂಟೂ ಹೋಗುವುದಿಲ್ಲವಲ್ಲ.

ಆ ಬೆಳಿಗ್ಗೆ ಮೇಸ್ತ್ರಿಯ ಭಾವ, ಅಕ್ಕನ ಗಂಡ, ತನ್ನ ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯನ್ನು ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಪಕ್ಕದ ಸೀಟು ಖಾಲಿಯಿತ್ತು. ಅಲ್ಲಿ ಕೂರಬೇಕಾದ ಅಕ್ಕ ಆಸ್ಪತ್ರೆಯಲ್ಲಿದ್ದಳು. ಅವಳ ಎಡಗಾಲಿನ ಹೆಬ್ಬೆರಳನ್ನೂ ಅದರ ಪಕ್ಕದ ಬೆರಳನ್ನೂ ತೆಗೆದು ಎರಡು ದಿನವಾಗಿತ್ತು.

"ಡಾಕ್ಟರು ಮತ್ತೆ ಮತ್ತೆ ಅದನ್ನೇ ಕೇಳ್ತಾರೆ ಕಣೋ," ಎಂದ ಭಾವ, ಗಾಡಿಯಿಂದ ಇಳಿಯದೆಯೇ. "ಕಾದಿದ್ದು ಏನಾದ್ರೂ ತುಳಿದ್ರಾ ಅಂತ. ಇದು ಸುಟ್ಟ ಗಾಯದಿಂದ ಶುರುವಾಗಿದ್ದು ಅಂತಾರೆ. ಹೋದ ತಿಂಗಳು ಮಗಳ ಮನೆಗೆ ಹೋಗಿ ಬಂದ್ವಲ್ಲ, ನಾಲ್ಕು ಗಂಟೆ ದಾರಿ. ಬಂದ ಮೇಲೇ ಗುಳ್ಳೆ ಎದ್ದಿದ್ದು. ನೀನೊಂದ್ಸಲ ಗಾಡಿ ನೋಡಿಬಿಡು. ಇದರಿಂದ ಅಲ್ಲ ಅಂತ ಗೊತ್ತಾದ್ರೆ ಸಾಕು ನಂಗೆ."

ಮೇಸ್ತ್ರಿಗೂ ಅಷ್ಟೇ ಸಾಕಿತ್ತು. ಇದರಿಂದ ಅಲ್ಲ ಎಂದು ಗೊತ್ತಾಗಬೇಕು. ಯಾಕೆಂದರೆ ಈ ಗಾಡಿಯ ಕೆಳಗೆ ಅವನ ಕೈ ಬಿಟ್ಟು ಬೇರೆ ಯಾರ ಕೈಯೂ ಬಿದ್ದಿರಲಿಲ್ಲ.

ಅಕ್ಕನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಪಾದಗಳಲ್ಲಿ ಸ್ಪರ್ಶವೇ ಉಳಿದಿರಲಿಲ್ಲ. ಗುಳ್ಳೆ ಒಡೆದದ್ದೂ ಅವಳಿಗೆ ತಿಳಿದಿರಲಿಲ್ಲ. ಅಡುಗೆಮನೆಯಿಂದ ಹಜಾರದವರೆಗೆ ನೆಲದ ಮೇಲೆ ಒದ್ದೆ ಹೆಜ್ಜೆಗಳನ್ನು ಕಂಡು, ಯಾರೋ ಕಾಲು ಒರೆಸದೆ ಓಡಾಡಿದ್ದಾರೆ ಎಂದು ಬೈದುಕೊಳ್ಳುತ್ತ, ಎರಡು ಸಲ ಒರೆಸಿದ್ದಳಂತೆ. ಒರೆಸಿದಷ್ಟೂ ಹೊಸ ಹೆಜ್ಜೆ.

ಗಾಡಿಯ ನೆಲ ಕಾಯುತ್ತದೆ ಎಂದು ಅವಳು ಹೇಳದೆ ಇದ್ದಳೇ? ಹೇಳಿದ್ದಳು. ಆರು ವರ್ಷದ ಹಿಂದೆ ಇದೇ ಶೆಡ್ಡಿನಲ್ಲಿ ನಿಂತು ಹೇಳಿದ್ದಳು.

"ಕಾಲ ಕೆಳಗೆ ಕಾವಲಿ ಇಟ್ಟ ಹಾಗಿರುತ್ತೆ ಕಣೋ."

ತಮ್ಮ ಕೂಡಲೇ ಚಪ್ಪಲಿ ಬಿಟ್ಟು, ಸ್ಟಿಯರಿಂಗ್ ಹಿಂದೆ ಕೂತು ಎರಡು ಸುತ್ತು ಹೊಡೆದು ಬಂದಿದ್ದ. "ನಂಗೇನೂ ಗೊತ್ತಾಗ್ಲಿಲ್ಲ ಅಕ್ಕಾ. ಹಳೇ ಗಾಡಿ, ಸ್ವಲ್ಪ ಬೆಚ್ಚಗಿರುತ್ತೆ." ಮರುವರ್ಷ ಮತ್ತೆ ಹೇಳಿದಳು. ಮತ್ತೆ ಅದೇ ಎರಡು ಸುತ್ತು, ಅದೇ ಮಾತು. "ಅವಳಿಗೆ ಫ್ಯಾನ್ ಕೆಳಗೂ ಸೆಖೆ" ಎಂದು ಭಾವ ನಕ್ಕಿದ್ದ, ಇವನೂ ನಕ್ಕಿದ್ದ. ಮೂರನೆಯ ವರ್ಷ ಅವಳ ಕಾಟ ತಡೆಯಲಾರದೆ ಭಾವ ಒಂದು ದಪ್ಪ ಮ್ಯಾಟು ತಂದು ಹಾಸಿದ. ಅದಾಗಿ ಕೆಲವು ತಿಂಗಳಿಗೆ ಅವಳು ಆ ಮಾತನ್ನೇ ಬಿಟ್ಟಳು. "ನೋಡಿದ್ಯಾ, ಒಂದು ಮ್ಯಾಟಿಗೆ ಎಲ್ಲ ಸರಿಹೋಯ್ತು" ಎಂದು ಗಂಡಸರಿಬ್ಬರೂ ಕೈತೊಳೆದುಕೊಂಡರು. ಅವಳ ಪಾದಗಳು ಸತ್ತುಹೋಗುತ್ತಿವೆ ಎಂಬುದು ಇಬ್ಬರ ತಲೆಗೂ ಹೊಳೆಯಲಿಲ್ಲ.

ಈಗ ಅವನು ಬಾನೆಟ್ ಎತ್ತಿದ. ಮೊದಲ ಆಸೆ ಹೀಟರಿನ ಮೇಲೆ. ಅದರ ವಾಲ್ವು ಕೆಟ್ಟು ತೆರೆದುಕೊಂಡಿದ್ದರೆ ಎಂಜಿನ್ನಿನ ಕುದಿನೀರು ಡ್ಯಾಶಿನ ಕೆಳಕ್ಕೆ ನುಗ್ಗಿ ನೆಲ ಕಾಯಿಸುತ್ತದೆ. ವಾಲ್ವು ತಾನೇ ಕೆಟ್ಟರೆ ಯಾರನ್ನೂ ದೂರುವ ಹಾಗಿಲ್ಲ. ಎಂಜಿನ್ ಕಾಯಿಸಿ ಹೀಟರಿನ ಎರಡು ಪೈಪುಗಳನ್ನೂ ಮುಟ್ಟಿ ನೋಡಿದ. ಒಂದು ಬಿಸಿ, ಒಂದು ತಣ್ಣಗೆ. ವಾಲ್ವು ಬಿಗಿಯಾಗಿ ಮುಚ್ಚಿತ್ತು. ಹಾಳಾದ್ದು, ಇಷ್ಟು ವರ್ಷವಾದರೂ ಗಟ್ಟಿಯಾಗಿತ್ತು.

ಎರಡನೆಯದು ಗೇರಿನ ಬುಡದ ರಬ್ಬರು. ಹರಿದಿದ್ದರೆ ಕೆಳಗಿನ ಬಿಸಿಗಾಳಿ ಒಳಗೆ ಬರುತ್ತದೆ. ಫೋರ್ ವೀಲಿನ ಸಣ್ಣ ಗೇರನ್ನೂ ಸೇರಿಸಿ ಎರಡರ ಸುತ್ತಲೂ ಬೆರಳಾಡಿಸಿದ. ಒಂದು ಬಿರುಕೂ ಇರಲಿಲ್ಲ.

ಆಮೇಲೆ ಮ್ಯಾಟು ತೆಗೆದು ಕಾರ್ಪೆಟ್ ಎಬ್ಬಿಸಿದ. ಬಲಗಡೆ, ಡ್ರೈವರ್ ಕಾಲಿಡುವಲ್ಲಿ, ಕೆಳಗಿನ ದಪ್ಪ ಹಾಸು ಕಂಪನಿಯಿಂದ ಬಂದ ಬಣ್ಣದಲ್ಲೇ ಇತ್ತು. ಎಡಗಡೆಯದು ಸೀದು ಕಪ್ಪಾಗಿ, ಮುಟ್ಟಿದರೆ ಪುಡಿಪುಡಿಯಾಗಿ ಉದುರಿತು. ಭಾವ ಅದನ್ನು ನೋಡಿ ಶೆಡ್ಡಿನ ಹೊರಗೆ ಹೋಗಿ ನಿಂತ.

ಗಾಡಿಯನ್ನು ರ‍್ಯಾಂಪಿಗೆ ಹತ್ತಿಸಿ ಮೇಸ್ತ್ರಿ ಕೆಳಗೆ ನುಗ್ಗಿದ. ಹೊಗೆ ಪೈಪಿನ ಜೋಡಣೆ ಸೋರುತ್ತಿದ್ದರೆ ಮಸಿ ಹಿಡಿದಿರುತ್ತದೆ. ಅದೂ ಇರಲಿಲ್ಲ. ಪೈಪು ಎಂಜಿನ್ನಿನಿಂದ ಇಳಿದು ಎಡಗಡೆ ಸೀಟಿನ ಮುಂದಿನ ನೆಲದ ಕೆಳಗೆ, ಎರಡು ಬೆರಳಿನ ಅಂತರದಲ್ಲಿ, ಹಿಂದಕ್ಕೆ ಹೋಗುತ್ತಿತ್ತು. ನಡುವೆ ಒಂದು ತಗಡಿನ ಮರೆ ಇರಬೇಕು. ಪೈಪಿನ ಬಿಸಿ ನೇರವಾಗಿ ನೆಲಕ್ಕೆ ತಾಗದಂತೆ ತಡೆಯುವುದು ಅದೇ. ಇರಬೇಕಾದ ಜಾಗದಲ್ಲಿ ನಾಲ್ಕು ಬೋಲ್ಟಿನ ತೂತು ಮಾತ್ರ ಇದ್ದವು.

ಆ ತೂತುಗಳ ಮೇಲೆ ಬೆರಳಾಡಿಸುತ್ತಿದ್ದಂತೆ ಅವನಿಗೆ ನೆನಪಾಯಿತು. ಆ ತಗಡು ತುಕ್ಕು ತಿಂದು ಬಿದ್ದುಹೋದದ್ದಲ್ಲ. ಆರು ವರ್ಷದ ಹಿಂದೆ ಭಾವ ಬಂದು, "ಕೆಳಗೇನೋ ಕಟಕಟ ಅಂತ ತಲೆ ತಿಂತಿದೆ, ನಿಲ್ಸು ಮೊದ್ಲು" ಎಂದಿದ್ದ. ಇವನು ಎರಡು ಸುತ್ತು ಓಡಿಸಿ, ತಗಡಿನ ಒಂದು ಬೋಲ್ಟು ಸಡಿಲವಾದದ್ದು ಕಂಡು, ಬಿಗಿಮಾಡುವ ಗೋಜಿಗೇ ಹೋಗದೆ ಇಡೀ ತಗಡನ್ನೇ ಕಳಚಿ ಗುಜರಿಗೆ ಎಸೆದಿದ್ದ. ಸದ್ದು ಆ ದಿನವೇ ನಿಂತಿತು. ಭಾವ ಬೆನ್ನು ತಟ್ಟಿ ಹೋಗಿದ್ದ. ಅಕ್ಕ ಕಾವಲಿಯ ಮಾತೆತ್ತಿದ್ದು ಅದರ ಮುಂದಿನ ತಿಂಗಳು.

"ಭಾವ, ನೀವು ಓಡಿಸಿ," ಎಂದ ಅವನು, ಕಾರ್ಪೆಟ್ಟನ್ನೂ ಮ್ಯಾಟನ್ನೂ ಮೊದಲಿನಂತೆಯೇ ಹಾಸಿ. "ನಾನು ಈ ಕಡೆ ಕೂರ್ತೀನಿ."

ಚಪ್ಪಲಿ ಬಿಟ್ಟು ಎಡಗಡೆ ಸೀಟಿನಲ್ಲಿ ಕೂತ. ಆ ಗಾಡಿಯ ಆ ಸೀಟಿನಲ್ಲಿ ಅವನು ಕೂತದ್ದು ಅದೇ ಮೊದಲು. ಮೆಕ್ಯಾನಿಕ್ ಆದವನಿಗೆ ಅಲ್ಲೇನು ಕೆಲಸ? ಅಲ್ಲಿ ಪೆಡಲಿಲ್ಲ, ಗೇರಿಲ್ಲ, ಮೀಟರಿಲ್ಲ. ಹತ್ತು ನಿಮಿಷ ಏನೂ ಅನ್ನಿಸಲಿಲ್ಲ. ಅವನ ಎರಡು ಸುತ್ತು ಮುಗಿಯುತ್ತಿದ್ದದ್ದು ಅಷ್ಟರಲ್ಲೇ. ಇಪ್ಪತ್ತು ನಿಮಿಷಕ್ಕೆ ಕಾಲು ಅತ್ತಿತ್ತ ಸರಿಸುವಂತಾಯಿತು. ಮುಕ್ಕಾಲು ಗಂಟೆಗೆ ಎರಡೂ ಕಾಲೆತ್ತಿ ಸೀಟಿನ ಮೇಲೆ ಇಟ್ಟುಕೊಂಡ. ತಾಪ ಅಳೆಯುವ ಗನ್ನು ಹಿಡಿದು ನೋಡಿದ. ಮ್ಯಾಟಿನ ಮೇಲೇ ಅರವತ್ತೊಂದು ಡಿಗ್ರಿ. ಭಾವನ ಕಾಲ ಬುಡಕ್ಕೆ ಹಿಡಿದರೆ ಮೂವತ್ತನಾಲ್ಕು. ಅಕ್ಕ ನಾಲ್ಕು ಗಂಟೆ ಕಾಲ ಚಪ್ಪಲಿ ಬಿಟ್ಟು, ಪಾದ ಚಾಚಿ, ಆರಾಮಾಗಿ ಕೂತಿದ್ದಳು.

ಭಾವ ರಸ್ತೆಯ ಪಕ್ಕಕ್ಕೆ ಗಾಡಿ ನಿಲ್ಲಿಸಿದ. "ಇದರಿಂದಾನೇನಾ?"

"ಇದರಿಂದಾನೇ. ಕಟಕಟ ಅಂತಿದ್ದ ತಗಡು ತೆಗೆದೆನಲ್ಲ, ಅದು ಇರ್ಬೇಕಿತ್ತು. ನಿಲ್ಸು ನಿಲ್ಸು ಅಂತ ನೀವೇ ಹೇಳಿದ್ರಿ."

"ಸದ್ದು ನಿಲ್ಸು ಅಂದೆ ಕಣೋ. ತಗಡು ಬಿಸಾಕು ಅಂದ್ನಾ? ಮೇಸ್ತ್ರಿ ನಾನಾ ನೀನಾ?"

"ಪಕ್ಕದಲ್ಲೇ ಕೂತು ಬಿಸಿ ಬಿಸಿ ಅಂತಿದ್ಳಲ್ಲ, ಒಂದ್ಸಲ ಬಗ್ಗಿ ಕೈಯಿಟ್ಟು ನೋಡ್ಬಾರ್ದಿತ್ತಾ?"

ಇಬ್ಬರೂ ರಸ್ತೆ ಬದಿಯಲ್ಲಿ ಅವಳ ಎರಡು ಬೆರಳುಗಳನ್ನು ನಿನಗಿಷ್ಟು ನನಗಿಷ್ಟು ಎಂದು ಹಂಚಿಕೊಳ್ಳುತ್ತಿದ್ದರು. ಅದು ಮೊದಲು ಹೊಳೆದದ್ದು ಮೇಸ್ತ್ರಿಗೆ. ಹೇಸಿಗೆಯಾಯಿತು. ಗಾಡಿಯನ್ನು ಶೆಡ್ಡಿಗೆ ತಿರುಗಿಸಲು ಹೇಳಿದ.

ಹೊಸ ತಗಡು ಕತ್ತರಿಸಿ, ಸದ್ದು ಬಾರದಂತೆ ರಬ್ಬರ್ ವಾಷರು ಕೊಟ್ಟು, ನಾಲ್ಕು ಬೋಲ್ಟು ಬಿಗಿದ. ಎಲ್ಲ ಸೇರಿ ಒಂದೂವರೆ ಗಂಟೆಯ ಕೆಲಸ.

ಅಕ್ಕನನ್ನು ಮನೆಗೆ ಕಳಿಸಿದ ದಿನ ಅವನೂ ಹೋಗಿದ್ದ. ನರ್ಸು ಗಾಲಿಕುರ್ಚಿಯನ್ನು ಗಾಡಿಯ ಪಕ್ಕಕ್ಕೆ ತಂದು ನಿಲ್ಲಿಸಿದಳು. ಭಾವ ಓಡಿ ಬಂದು ಎಡಗಡೆಯ ಬಾಗಿಲು ತೆರೆದು ಹಿಡಿದ. ಅವಳು ಆರೋಗ್ಯವಾಗಿದ್ದಾಗ ಒಂದು ದಿನವೂ ಹಿಡಿದವನಲ್ಲ.

"ಗಾಡಿಗೆ ಏನಾಗಿತ್ತಂತೆ?" ಎಂದಳು ಅಕ್ಕ.

"ಪೈಪಿನ ಮೇಲೊಂದು ತಗಡು ಇರುತ್ತೆ. ನಾನೇ ತೆಗೆದು ಬಿಸಾಕಿದ್ದೆ ಅಕ್ಕಾ. ಕಟಕಟ ಅಂತ ಕಿರಿಕಿರಿ ಆಗ್ತಿತ್ತು."

"ಯಾರಿಗೆ?"

"ಭಾವಂಗೆ."

ಅವಳು ಬ್ಯಾಂಡೇಜು ಸುತ್ತಿದ ಕಾಲನ್ನು ನೋಡಿಕೊಂಡಳು. "ಸರಿಮಾಡೋಕೆ ಎಷ್ಟು ಹೊತ್ತಾಯ್ತು?"

"ಒಂದೂವರೆ ಗಂಟೆ."

ಅಕ್ಕ ಬೈಯಲಿ, ಅಳಲಿ, ಕೆನ್ನೆಗೆ ಬಾರಿಸಲಿ ಎಂದು ಅವನು ಕಾದ. ಅವಳು ಏನೂ ಮಾಡಲಿಲ್ಲ. ಕೊನೆಗೆ ಗಿರಾಕಿಗಳಿಗೆ ಹೇಳಿ ಹೇಳಿ ರೂಢಿಯಾದ ಮಾತು ಬಾಯಿಂದ ಜಾರಿತು: "ಕಾಲಿಟ್ಟು ನೋಡಕ್ಕಾ. ಈಗ ಒಂಚೂರೂ ಬಿಸಿ ಬರಲ್ಲ."

"ಗೊತ್ತಾಗೋ ಕಾಲದಲ್ಲಿ ಹೇಳ್ದೆ," ಎಂದಳು ಅವಳು. ದನಿ ಏರಲಿಲ್ಲ. "ಈಗ ನಂಗೆ ಕೆಂಡಾನೂ ಒಂದೇ, ಮಂಜುಗಡ್ಡೇನೂ ಒಂದೇ. ಹಿಂದಿನ ಬಾಗಿಲು ತೆಗಿ. ನೀನು ಕೂತ್ಕೋ ಇಲ್ಲಿ."

ಅವಳನ್ನು ಹಿಂದಿನ ಸೀಟಿಗೆ ಎತ್ತಿ ಕೂರಿಸಿದರು. ತಮ್ಮ ಮುಂದೆ, ಎಡಗಡೆ ಕೂತ. ಮುಕ್ಕಾಲು ಗಂಟೆಯ ದಾರಿಯುದ್ದಕ್ಕೂ ಚಪ್ಪಲಿ ಬಿಟ್ಟು ಎರಡೂ ಪಾದ ನೆಲಕ್ಕೂರಿಯೇ ಇದ್ದ. ಮನೆಯ ತಿರುವು ಬರುವಾಗ ಭಾವ ಮೆಲ್ಲಗೆ ಕೇಳಿದ:

"ಹೇಗಿದೆಯೋ ನೆಲ?"

"ತಣ್ಣಗಿದೆ ಭಾವ."

ಒಂದೇ ಸಲ ಹೇಳಿದ್ದಕ್ಕೆ ಭಾವ ನಂಬಿದ.