ಅಂಬಿಕಾಳ ಕುರ್ಚಿ

ನಾನು ಒಂದು ಕುರ್ಚಿ. ಮನೆಗೆ ಬಂದ ಬೀಗರಿಗೆ ಎಳೆದು ಕೊಡುವ ಜಾತಿಯವನಲ್ಲ. ನನ್ನ ಬೆನ್ನು ಗೋಡೆಯ ಮೂಲೆಯ ಹಾಗೆ ಎರಡು ಹಲಗೆ ಕೂಡಿಸಿದ್ದು. ತೊಡೆಗಳ ನಡುವೆ ಬರುವಂತೆ ಒಂದು ಗುಂಡು ಗೂಟ, ಎದೆಗೆ ಪಟ್ಟಿ, ಮುಂದೆ ಒಂದು ಹಲಗೆ. ನನ್ನನ್ನು ಮೊದಲ ಸಲ ನೋಡಿದವರು, "ಇದೇನ್ರಿ, ಕೂಸಿನ್ನ ಕಟ್ಟಿಹಾಕೂ ಸಾಮಾನೇನು?" ಎಂದು ಕೇಳದೆ ಹೋದದ್ದಿಲ್ಲ.

ನಾನು ಹುಟ್ಟಿದ್ದು ರಬಕವಿ ಕಡೆಯ ಒಂದು ನೇಕಾರರ ಊರಿನಲ್ಲಿ, ಮೌನೇಶ ಬಡಿಗೇರನ ಕೈಯಲ್ಲಿ. ಅದಕ್ಕೆ ಮೊದಲು ಕೈಮಗ್ಗದ ತೇಗದ ತೊಲೆಯಾಗಿದ್ದೆ. ಮನೆಗೆ ಪವರ್‌ಲೂಮ್ ಬಂದ ಮೇಲೆ ಅಟ್ಟ ಸೇರಿ ಧೂಳು ತಿನ್ನುತ್ತಿದ್ದೆ. ಮನೆಯ ಯಜಮಾನಿ ಬಾಳವ್ವ. ಅವಳ ಮಗ ಮಾಗುಂಡಪ್ಪ, ಸೊಸೆ ಕಸ್ತೂರಿ, ನಾಲ್ಕು ವರ್ಷದ ಮೊಮ್ಮಗಳು ಅಂಬಿಕಾ. ಅಂಬಿಕಾಳ ಕತ್ತು ನಿಲ್ಲುತ್ತಿರಲಿಲ್ಲ. ಕಾಲುಗಳು ಕತ್ತರಿಯ ಹಾಗೆ ಹೆಣೆದುಕೊಳ್ಳುತ್ತಿದ್ದವು. ಸೆರೆಬ್ರಲ್ ಪಾಲ್ಸಿ ಎಂದು ದೊಡ್ಡ ಆಸ್ಪತ್ರೆಯಲ್ಲಿ ಹೇಳಿದ್ದರು. ವಾರಕ್ಕೊಮ್ಮೆ ಬಂದು ಅವಳಿಗೆ ವ್ಯಾಯಾಮ ಮಾಡಿಸುತ್ತಿದ್ದ ನಾಜಿಯಾ ಮೇಡಂ ನನ್ನ ಚಿತ್ರ ಬರೆದುಕೊಟ್ಟು, ಅಳತೆ ಮಾತ್ರ ಮಗುವಿನದೇ ಇರಲಿ ಎಂದಿದ್ದರು.

ಮೌನೇಶ ಟೇಪು ಹಿಡಿದು ಬಂದ. ಬಾಳವ್ವ ಪಕ್ಕದಲ್ಲೇ ಕೂತಳು.

"ಬೆಳಿಯೂ ಕೂಸೋ ಮೌನೇಶ. ಎಲ್ಲಾ ಕಡೆ ನಾಕ ನಾಕ ಬೆರಳ ಜಾಸ್ತಿ ಬಿಡು."

"ಮೇಡಂ ಬ್ಯಾರೆ ಹೇಳ್ಯಾರಲ್ಲ ಎವ್ವಾ?"

"ಸಾಲಿ ಅಂಗಿ ಯಾರರ ಮೈಗೆ ಅಂಟೂ ಹಂಗ ಹೊಲಸ್ತಾರೇನ? ಬಿಡಂದ್ರ ಬಿಡು."

ನಮ್ಮ ಕಡೆ ಶಾಲೆಯ ಅಂಗಿ ಮಕ್ಕಳಿಗೆ ಸರಿಹೊಂದುವುದು ಅದು ಹರಿಯುವ ವರ್ಷ. ಮೌನೇಶನೂ ಅಂಥ ಅಂಗಿ ತೊಟ್ಟೇ ಬೆಳೆದವನು, ನಾಲ್ಕು ಬೆರಳು ಬಿಟ್ಟ. ಡಬ್ಬಿಯಲ್ಲಿ ಉಳಿದ ಒಂದೇ ಉಂಡೆಯ ಹಾಗೆ ಅಂಬಿಕಾ ನನ್ನೊಳಗೆ ಉರುಳಾಡಿದಳು. "ಕುರ್ಚಿ ಚಲೋ ಐತಿ. ಕೂಸಿಗೇ ಕೂಡಾಕ ಬರೂದಿಲ್ಲ" ಎಂದು ಬಾಳವ್ವ ತೀರ್ಪು ಕೊಟ್ಟಳು.

ನಾಜಿಯಾ ಮೇಡಂ ಬಂದು ನೋಡಿದರು. "ಬೆಳೆಯೋ ಕಣ್ಣು ಅಂತ ಕನ್ನಡಕ ದೊಡ್ಡದು ತರ್ತೀರೇನ್ರಿ ಅಜ್ಜಿ?"

ಮೌನೇಶ ಗರಗಸ ತಂದು ಮತ್ತೆ ಕೊಯ್ದ. ಅಂದು ಅಂಬಿಕಾ ನೆಟ್ಟಗೆ ಕೂತಳು. ನಾಲ್ಕು ವರ್ಷ ಜಂತಿ ನೋಡಿಕೊಂಡೇ ಇದ್ದ ಹುಡುಗಿ ತಾಯಿಯ ಮುಖವನ್ನು ಎದುರಿನಿಂದ ನೋಡಿ, ಬಾಯಿ ಸೊಟ್ಟಗೆ ತೆರೆದು ನಕ್ಕಳು. ಕಸ್ತೂರಿ ಒಳಗೆ ಹೋಗಿ ಅತ್ತು ಬಂದಳು.

ನನ್ನನ್ನು ನೋಡಲು ಓಣಿಯ ಹೆಂಗಸರು ಬಂದರು. ನನ್ನನ್ನು ಎಂದದ್ದು ನೆಪ. "ಗ್ರಹಣದಾಗ ಹೊರಗ ಬಂದಿರಬೇಕು." "ಪಪ್ಪಾಯಿ ತಿಂದಿರಬೇಕು." "ತವರಮನಿ ಕಡೆ ಯಾರರ ಹಿಂಗ ಇದ್ರೇನು?" ಕಾರಣಗಳು ಎಲ್ಲಿಂದ ಹೊರಟರೂ ಕಸ್ತೂರಿಯ ಹೊಟ್ಟೆಗೇ ಬಂದು ಮುಟ್ಟುತ್ತಿದ್ದವು. ಬಾಳವ್ವ ಎಲ್ಲರಿಗೂ ಚಹಾ ಕೊಡುತ್ತಿದ್ದಳು, ಯಾರ ಮಾತನ್ನೂ ಅಲ್ಲಗಳೆಯುತ್ತಿರಲಿಲ್ಲ.

ನಡೆದದ್ದೇನೆಂದು ಕಸ್ತೂರಿ ನಾಜಿಯಾ ಮೇಡಂಗೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಹೆರಿಗೆಯ ದಿನ ಅಮಾವಾಸ್ಯೆ, ಮಧ್ಯಾಹ್ನ ಮೂರರವರೆಗೆ. ಹನ್ನೆರಡಕ್ಕೇ ಕೂಸು ಬಾಗಿಲಿಗೆ ಬಂದಿತ್ತು. ಊರಿನ ಸಣ್ಣ ಆಸ್ಪತ್ರೆ. ಡಾಕ್ಟರು ಇನ್ನೆಲ್ಲೋ ಆಪರೇಷನ್ನಿಗೆ ಹೋಗಿದ್ದರು. "ಅಮಾಸಿ ದಾಟಲಿ, ಸ್ವಲ್ಪ ತಡೀರಿ" ಎಂದು ಬಾಳವ್ವ ಸಿಸ್ಟರಿಗೆ ಕೈಮುಗಿದಳು. ಒಬ್ಬಳಿಗೆ ಡಾಕ್ಟರು ಬರಬೇಕಿತ್ತು, ಇನ್ನೊಬ್ಬಳಿಗೆ ಅಮಾವಾಸ್ಯೆ ಹೋಗಬೇಕಿತ್ತು. ಇಬ್ಬರಿಗೂ ಒಪ್ಪಿಗೆಯಾಯಿತು. "ತಿಣಕಬ್ಯಾಡ, ಕಾಲು ಕೂಡಿಸಿ ಮಲಗು" ಎಂದರು. ಮೂರು ದಾಟಿದ ಮೇಲೆ ಕೂಸು ನೀಲಿಯಾಗಿ ಬಂತು. ಬಹಳ ಹೊತ್ತು ಅಳಲಿಲ್ಲ. ಆಸ್ಪತ್ರೆಯ ಕಾರ್ಡಿನಲ್ಲಿ ಮಾತ್ರ, 'ಹುಟ್ಟಿದ ಕೂಡಲೇ ಅತ್ತಿದೆ' ಎಂದು ಬರೆದರು.

"ಈ ತೊಂದ್ರಿ ಎಲ್ಲಾ ಮಕ್ಕಳಿಗೂ ಹೆರಿಗಿಯಿಂದನೇ ಬರ್ತದ ಅಂತ ಏನಿಲ್ಲ" ಎಂದರು ನಾಜಿಯಾ ಮೇಡಂ. "ಕೆಲವರಿಗೆ ಹೊಟ್ಟ್ಯಾಗ ಇದ್ದಾಗಲೇ ಆಗಿರ್ತದ, ಕೆಲವರದು ಯಾಕಂತ ತಿಳಿಯೂದೇ ಇಲ್ಲ. ಆದ್ರ ಉಸಿರು ಸಿಗದಿದ್ರ ಮೆದುಳಿಗೆ ಪೆಟ್ಟು ಬೀಳ್ತದ, ಅದು ಖರೆ. ನಿನ್ನ ತಪ್ಪು ಇದ್ರಾಗ ಏನೂ ಇಲ್ಲ."

"ಅದನ್ನ ನಮ್ಮತ್ತಿ ಒಮ್ಮೆ ಹೇಳಲಿ ಮೇಡಂ. 'ನಾನೇ ತಡದಿದ್ದೆ' ಅಂತ, ಒಂದೇ ಸಲ. ಮತ್ತೇನೂ ಬ್ಯಾಡ ನನಗ."

ಅಲ್ಲಿಯವರೆಗೆ ಇದು ಬರೀ ಆಸೆಯಾಗಿತ್ತು. ಮುಂದಿನ ವರ್ಷ ಕಸ್ತೂರಿ ಮತ್ತೆ ಬಸುರಾದಳು. ಆಗ ಅದು ಬೇಕೇ ಬೇಕಾದ ಮಾತಾಯಿತು. ದೊಡ್ಡ ಆಸ್ಪತ್ರೆಗೆ ತೋರಿಸಲು ಟಂಟಂ ಆಟೋದಲ್ಲಿ ಹೊರಟರು. ಅಂಬಿಕಾ ಬೇರೆಲ್ಲೂ ಕೂರಲಾರಳು, ಹಾಗಾಗಿ ನಾನೂ ಹೋದೆ. ಡಾಕ್ಟರಮ್ಮ ಹಳೆಯ ಕಾರ್ಡು ತಿರುವಿದರು.

"ಮೊದಲನೇದು ನಾರ್ಮಲ್. ಕೂಡಲೇ ಅತ್ತೈತಿ."

"ಅತ್ತಿರಲಿಲ್ರಿ" ಎಂದಳು ಕಸ್ತೂರಿ.

"ಅಜ್ಜಿ, ನೀವು ಅಲ್ಲೇ ಇದ್ರೇನು? ಖರೆ ಹೇಳ್ರಿ, ಅದರ ಮ್ಯಾಲೆ ಈ ಹೆರಿಗಿ ಎಲ್ಲಿ ಅಂತ ಹೇಳ್ತೀನಿ."

ಬಾಳವ್ವ ಸೆರಗು ತಲೆಯ ಮೇಲೆಳೆದುಕೊಂಡಳು. ನನ್ನ ಕಡೆ, ಎಂದರೆ ನನ್ನೊಳಗೆ ಜೊಲ್ಲು ಸುರಿಸುತ್ತ ಕೂತಿದ್ದ ಮೊಮ್ಮಗಳ ಕಡೆ ನೋಡಿದಳು. "ಅತ್ತಿತ್ರಿ. ಓಣಿಗೆಲ್ಲ ಕೇಳೂ ಹಂಗ ಅತ್ತಿತ್ತು."

"ಹಂಗಾದ್ರ ನಿಮ್ಮೂರಾಗೇ ಆಗಬಹುದು" ಎಂದು ಡಾಕ್ಟರಮ್ಮ ಬರೆದುಕೊಟ್ಟರು.

ಕಸ್ತೂರಿಗೆ ಒಂಬತ್ತು ತಿಂಗಳು ತುಂಬಿತು. ಬಾಳವ್ವ ಕನ್ನಡಕ ಏರಿಸಿ ಪಂಚಾಂಗ ಬಿಚ್ಚಿದಳು. ಒಂದು ಬೆಳಿಗ್ಗೆ ನೋವು ಶುರುವಾದಾಗ ಕಸ್ತೂರಿ ತುಟಿ ಕಚ್ಚಿ ಅಂಬಿಕಾಳನ್ನು ನನ್ನಲ್ಲಿ ಕೂರಿಸಿ, ಪಟ್ಟಿ ಬಿಗಿದು, "ಅತ್ತಿ, ಪಲ್ಲೆ ತರ್ತೀನಿ" ಎಂದು ಹೇಳಿ ನಡೆದಳು. ಸಿಕ್ಕ ಟಂಟಂ ಹತ್ತಿ ದೊಡ್ಡ ಆಸ್ಪತ್ರೆ ಸೇರಿದಳು. ಪಲ್ಲೆಗೆ ಹೋದವಳು ಮೂರನೆಯ ದಿನ ಗಂಡುಮಗು ಎತ್ತಿಕೊಂಡು ಬಂದಳು. ಅದು ಬಂದ ಗಳಿಗೆಯಿಂದ ಅಳುತ್ತಲೇ ಇತ್ತು.

"ಹಂಗಾದ್ರ ನನ್ನ ಹೊಟ್ಟ್ಯಾಗ ಏನೂ ದೋಷ ಇರಲಿಲ್ಲ, ಹೌದಿಲ್ಲ ಅತ್ತಿ?"

"ಒಬ್ಬೊಬ್ಬರ ಹಣೇಬರಹ ಒಂದೊಂದು" ಎಂದಳು ಬಾಳವ್ವ, ಪೇಡೆ ಹಂಚುತ್ತ. ಮಾಗುಂಡಪ್ಪನಿಗೆ ಇಂಥ ಹೊತ್ತಿನಲ್ಲಿ ಪವರ್‌ಲೂಮಿನ ಸದ್ದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ, ಕರೆಂಟು ಹೋದಾಗಲೂ.

ಅಂಬಿಕಾ ಏಳಕ್ಕೆ ಬಂದಳು. ಮೊಣಕಾಲು ನನ್ನ ಹಲಗೆಗೆ ತಾಗತೊಡಗಿತು. ನಾಜಿಯಾ ಮೇಡಂ ತಾಲೂಕಿನಲ್ಲಿ ತೆರೆದ ಫಿಸಿಯೋಥೆರಪಿ ಕೇಂದ್ರದಲ್ಲಿ ಅವಳಿಗೊಂದು ಗಾಲಿಕುರ್ಚಿ ಸಿಕ್ಕಿತು; ನನ್ನನ್ನು ಅಲ್ಲಿಗೇ ಕೊಟ್ಟುಬಿಟ್ಟರು. ಕೊಡಲು ಬಂದ ದಿನ ಕಸ್ತೂರಿ ಮಗಳನ್ನು ಕರೆದುಕೊಂಡು ಒಳಗಿದ್ದಳು. ಬಾಳವ್ವ ಹೊರಗೆ ನನ್ನ ತೋಳಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ಮೊಣಕಾಲು ನೋವಿಗೆ ಬಂದ ಇನ್ನೊಬ್ಬ ಹೆಂಗಸು ಪಕ್ಕದಲ್ಲಿ ಮಾತಿಗಿಳಿದಳು.

"ಸೊಸಿಗೆ ದಿನಾ ತುಂಬ್ಯಾವು. ನಾಳೆ ಮೂಲಾ ನಕ್ಷತ್ರ. ಬ್ಯಾನಿ ಬಂದ್ರೂ ಒಂದ ದಿನಾ ತಡೀರಿ ಅಂತ ಆಸ್ಪತ್ರ್ಯಾಗ ಹೇಳಿಟ್ಟೇನಿ."

ಬಾಳವ್ವ ಅತ್ತಿತ್ತ ನೋಡಿದಳು. ನನ್ನ ತೋಳನ್ನು ಬಿಗಿಯಾಗಿ ಹಿಡಿದಳು.

"ತಡೀಬ್ಯಾಡವಾ. ನಾ ತಡದಿದ್ದೆ, ಅಮಾಸಿ ಹೋಗಲಿ ಅಂತ. ಕೂಸು ಅಳಲೇ ಇಲ್ಲ."

"ಅಯ್ಯ! ಯಾವ ಕೂಸು?"

ಅಷ್ಟರಲ್ಲಿ ಬಾಗಿಲು ತೆರೆದು ಕಸ್ತೂರಿ ಗಾಲಿಕುರ್ಚಿ ತಳ್ಳಿಕೊಂಡು ಬಂದಳು. "ಯಾರ ಸುದ್ದಿ ಅತ್ತಿ?"

"ಯಾರದೋ. ನಡಿ, ಬಸ್ಸು ಹೋದೀತು" ಎಂದು ಬಾಳವ್ವ ಎದ್ದಳು.

ಅವರು ಹೋದರು. ಒಂದು ಬಾಗಿಲಿನಷ್ಟು ಅಂತರದಲ್ಲಿ ಆ ಮಾತು ಕಸ್ತೂರಿಗೆ ತಪ್ಪಿತು. ನಿಜ ಹೇಳುವವರೇ ಇಲ್ಲವೆಂದು ಜನ ಗೊಣಗುವುದುಂಟು. ಇದ್ದಾರೆ; ಯಾರಿಗೆ ಹೇಳಬೇಕೋ ಅವರನ್ನೊಬ್ಬರನ್ನು ಬಿಟ್ಟು ಉಳಿದವರಿಗೆ ಹೇಳುತ್ತಾರೆ.

ಆಮೇಲೆ ನನ್ನಲ್ಲಿ ಐದು ಮಕ್ಕಳು ಕೂತು ಎದ್ದಿದ್ದಾರೆ. ಈಗ ಕೀಲು ಸಡಿಲಾಗಿ ಕೇಂದ್ರದ ಕಿಟಕಿಯ ಕೆಳಗಿದ್ದೇನೆ. ಹೊಸ ಮಗು ಬಂದಾಗಲೆಲ್ಲ ಜೊತೆಗೆ ಬಂದ ಅಜ್ಜಿಯ ಮುಖ ನೋಡುತ್ತೇನೆ. ಆ ಮೊಣಕಾಲು ನೋವಿನ ಹೆಂಗಸು ತಡೆದಳೋ ಬಿಟ್ಟಳೋ, ಹೇಳುವವರಿಲ್ಲ. ಅವಳ ಮೊಮ್ಮಗು ಇನ್ನೂ ನನ್ನ ಹತ್ತಿರ ಬಂದಿಲ್ಲ. ನನಗೆ ಸಿಗುವ ಸುದ್ದಿ ಅಷ್ಟೇ.